ಪ್ರಿಂಟರಿಗೆ ಮನಸ್ಸು ಬರುವ ತನಕ

ಮೈಕ್ರೋವೇವಿನ ಗುಂಯ್ ಸದ್ದು ನೆನಪಾದರೆ ಈಗಲೂ ನನ್ನ ಬಿ.ಪಿ. ಏರುತ್ತದೆ. ಕುಂದಗೋಳದ ಬಸ್‌ಸ್ಟ್ಯಾಂಡಿನೆದುರು ಪ್ರಿಂಟ್ ತೆಗೆದುಕೊಡುತ್ತಿದ್ದ ಅಂಗಡಿಯವನು ಗಳಿಗೆಗೊಮ್ಮೆ ಅದರಲ್ಲಿ ಚಹಾ ಬಿಸಿ ಮಾಡುತ್ತಿದ್ದ. ಅದು ಶುರುವಾದರೆ ಬಾಜೂ ಇದ್ದ ವೈಫೈ ಕೈಕೊಟ್ಟು ಪ್ರಿಂಟರ್ ನಿಂತುಬಿಡುತ್ತಿತ್ತು. ಅವನೋ, ಎತ್ತಿನ ಬೆನ್ನು ಸವರಿದ ಹಾಗೆ ಪ್ರಿಂಟರ್ ಸವರಿ, “ಅದಕ್ಕೂ ಮನಸ್ಸು ಬರಬೇಕಲ್ರಿ, ಅಮ್ಮಾರ” ಎನ್ನುತ್ತಿದ್ದ. ವಾಟ್ ನಾನ್ಸೆನ್ಸ್!

ಅಂದು ನೆರೆಮನೆಯ ಸೊಸೆ ನರ್ಸಿಂಗ್ ಪರೀಕ್ಷೆಯ ಹಾಲ್‌ಟಿಕೆಟ್‌ಗಾಗಿ ನನ್ನೊಡನೆ ಕಾದು ನಿಂತಿದ್ದಳು. ಅವಳನ್ನು ವೇಳೆಗೆ ಮುಟ್ಟಿಸಬೇಕಾದ ಹುಬ್ಬಳ್ಳಿ ಬಸ್ಸು ಹಾರ್ನ್ ಹೊಡೆಯಿತು.

“ಮೊದಲ ಆ ಡಬ್ಬಿ ಬಂದ್ ಮಾಡಪಾ!” ಎಂದು ಚೀರಿದೆ.

“ಚಹಾಕ್ಕೂ ಪ್ರಿಂಟಿಗೂ ಏನ್ರಿ ಸಂಬಂಧ?” ಎಂದು ನಕ್ಕ.

ನಾನೇ ಮೈಕ್ರೋವೇವಿನ ಪ್ಲಗ್ ಕಿತ್ತೆ. ಹಾಳೆ ಹೊರಬಂತು, ಅಷ್ಟರಲ್ಲಿ ಬಸ್ಸು ಹೊರಟಿತ್ತು.

ಮತ್ತೆಂದೂ ಆ ಅಂಗಡಿಗೆ ಕಾಲಿಡಲಿಲ್ಲ. ಅವನನ್ನು ಕಡೆಯದಾಗಿ ಕಂಡದ್ದು, ಹಾಲ್‌ಟಿಕೆಟ್ ಎತ್ತಿ ಹಿಡಿದು “ಹೋಲ್ಡಾನ್! ಹೋಲ್ಡಾನ್!” ಎಂದು ಒದರುತ್ತ ಬಸ್ಸಿನ ಹಿಂದೆ ಓಡುವಾಗ. ಅವನ ಹಿಂದೆ ನೆರೆಮನೆಯ ಸೊಸೆಯೂ ಓಡುತ್ತಿದ್ದಳು. ಬಸ್ಸು ನಿಲ್ಲಲಿಲ್ಲ.