ಜರಡಿಯಿಂದ ಜಾರಿದ ಸಣ್ಣ ಮೀನುಗಳು

ಬೆಳಕು ಹರಿಯುವ ಹೊತ್ತು. ಹಳೆಯ ವಸ್ತುಗಳ ಉಗ್ರಾಣದ ಹಿಂದೆ, ತಗಡಿನ ಚಪ್ಪರದ ಕೆಳಗೆ ಹೆಂಗಸೊಬ್ಬರು ಹಲ್ಲುಜ್ಜುವ ಬ್ರಷ್ಷಿನಿಂದ ಜರಡಿ ಉಜ್ಜುತ್ತಿದ್ದಾರೆ. ಅದನ್ನು ಎತ್ತಿ ಆಕಾಶಕ್ಕೆ ಹಿಡಿದು ಒಂದೊಂದು ಕಣ್ಣನ್ನೂ ನೋಡುತ್ತಾರೆ. ನಿನ್ನೆಯ ಕಣವೊಂದು ಇವತ್ತಿನ ಮಣ್ಣಿಗೆ ಸೇರಿದರೆ ಎರಡು ದಿನದ ಕೆಲಸವೂ ಕೆಟ್ಟಂತೆ. ಆಮೇಲೆ ನಲ್ಲಿ ತಿರುಗಿಸುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಜರಡಿ ಅಕ್ಕ. ವಯಸ್ಸು ಐವತ್ತೇಳು ಸಮೀಪಿಸಿದೆ. ಉತ್ಖನನದಿಂದ ಬಂದ ಮಣ್ಣನ್ನು ನೀರಲ್ಲಿ ಸೋಸಿ, ಸಾವಿರಾರು ವರ್ಷದ ಹಿಂದೆ ಯಾರೋ ತಿಂದು ಎಸೆದ ಮೀನಿನ ಮೂಳೆ ಆರಿಸುವುದು ಇಪ್ಪತ್ತಾರು ವರ್ಷದ ಕಸುಬು. ದಿನಕ್ಕೆ ನಾಲ್ಕು ಬಕೆಟ್. ಕೆಲವು ದಿನ ಮುನ್ನೂರು ಚೂರು, ಕೆಲವು ದಿನ ಬರಿಗೈ. ಬಲ ಭುಜ ಈಗ ಪೂರ್ತಿ ಮೇಲೇಳುವುದಿಲ್ಲ. ಯಾವ ಮೀನು ಎಂದು ಗೊತ್ತಾದರೆ ಆಗ ಅಲ್ಲಿ ಎಂಥ ನೀರಿತ್ತೆಂದು ಗೊತ್ತಾಗುತ್ತದೆ: ಸಿಹಿಯೋ ಉಪ್ಪೋ, ಹರಿಯುತ್ತಿತ್ತೋ ನಿಂತಿತ್ತೋ.

ಅಂಗೈ ಮೇಲೆ ಎಳ್ಳಿಗಿಂತ ತುಸು ದೊಡ್ಡದಾದ ಬಿಳಿ ಕಲ್ಲು ಇಟ್ಟು, ಕೆಲಸ ನೋಡಲು ಬಂದ ನನಗೆ ತೋರಿಸುತ್ತಾರೆ. "ಮೀನಿನ ಕಿವಿಯೊಳಗಿನ ಕಲ್ಲು ಇದು. ವರ್ಷಕ್ಕೊಂದು ಗೆರೆ. ಇದು ನಾಲ್ಕು ಬೇಸಿಗೆ ಕಂಡಿದೆ. ನೀವು ಸ್ವಲ್ಪ ಆಚೆ ಉಸಿರು ಬಿಡಿ ತಾಯಿ, ಹಾರಿ ಹೋಗುತ್ತೆ."

ಮನೆಯಲ್ಲಿ ಅತ್ತೆ ಛೇಡಿಸುತ್ತಾರೆ: "ಮೀನು ತಿಂದವರು ಯಾವತ್ತೋ ಮಣ್ಣಾದರು, ಮುಳ್ಳು ಮಾತ್ರ ನಮ್ಮ ಸೊಸೆ ಗಂಟಲಲ್ಲೇ ಇದೆ." ಸೊಸೆ ನಗುವುದಿಲ್ಲ. ಅತ್ತೆಯ ಮಾತು ನಿಜ.

ಒಂಬತ್ತು ವರ್ಷದ ಹಿಂದೆ ಹಳೆಯ ಊರೊಂದರ ತಿಪ್ಪೆಗುಂಡಿಯ ಮಣ್ಣು ಬಂದಿತ್ತು. ಸಣ್ಣ ಕಣ್ಣಿನ ಜರಡಿ ಹರಿದಿತ್ತು. ಹೊಸದಕ್ಕೆ ಕಾಯದೆ ದೊಡ್ಡ ಕಣ್ಣಿನದರಲ್ಲೇ ಸೋಸಿದರು. "ಯಾರೂ ಹಾಗೆ ಮಾಡು ಅನ್ನಲಿಲ್ಲ. ಮಗಳ ಹೆರಿಗೆ ಹತ್ತಿರ ಇತ್ತು, ಮುಗಿಸಿ ಓಡೋಣ ಅಂತ ನಾನೇ ಅವಸರಪಟ್ಟೆ." ದೊಡ್ಡ ಮೀನಿನ ಮೂಳೆಗಳಷ್ಟೇ ಮೇಲುಳಿದವು. ಊರ ಪಕ್ಕ ಆಳವಾದ ಹೊಳೆಯಷ್ಟೇ ಇತ್ತೆಂದು ವರದಿ ಅಚ್ಚಾಯಿತು.

ಜರಡಿಯಿಂದ ಇಳಿದು ಕೆಳಗಿನ ತೊಟ್ಟಿಯ ತಳದಲ್ಲಿ ಕೂತ ಮಣ್ಣನ್ನು ಚೆಲ್ಲಲು ಮಾತ್ರ ಅವರಿಗೆ ಕೈ ಬರಲಿಲ್ಲ. ಒಣಗಿಸಿ ನಲವತ್ತೊಂದು ಚೀಲಕ್ಕೆ ತುಂಬಿಟ್ಟರು. ಹೋದ ತಿಂಗಳು ಊಟದ ಬಿಡುವುಗಳಲ್ಲಿ ಒಂದು ಚೀಲವನ್ನು ಸಣ್ಣ ಜರಡಿಗೆ ಹಾಕಿದರು. ಆರುನೂರ ಹನ್ನೆರಡು ಮೂಳೆ ಸಿಕ್ಕವು. ಹೆಚ್ಚಿನವು ಜೊಂಡಿನ ನಡುವೆ, ಮೊಣಕಾಲುದ್ದ ನೀರಲ್ಲಿ ಬದುಕುವ ಬೆರಳುದ್ದದ ಮೀನಿನವು.

"ಅಲ್ಲೊಂದು ಜೌಗು ಇದ್ದಿರಬೇಕು. ನಾನದನ್ನ ಇಲ್ಲವೇ ಇಲ್ಲ ಅನ್ನಿಸಿಬಿಟ್ಟೆ. ಒಂದು ಚೀಲ ನೋಡಿ ಏನೂ ಹೇಳೋಕಾಗಲ್ಲ ಅಂತಾರೆ ವರದಿ ಬರೆದೋರು, ಸರಿನೇ. ಅದಕ್ಕೇ ಉಳಿದವನ್ನೂ ನೋಡಬೇಕು."

ಇವತ್ತು ಉಗ್ರಾಣ ಖಾಲಿ ಮಾಡುವ ದಿನ. ಒಂಬತ್ತಕ್ಕೆ ಲಾರಿ ಬರುತ್ತದೆ. ಮೇಲ್ವಿಚಾರಕರ ಪಟ್ಟಿಯಲ್ಲಿ ಈ ಚೀಲಗಳ ಎದುರು 'ಹಳ್ಳ ತುಂಬಲು' ಎಂದಿದೆ. ಹಮಾಲರಲ್ಲೊಬ್ಬ ಮೊದಲನೆಯದನ್ನು ಹೆಗಲಿಗೇರಿಸುತ್ತಾನೆ.

ಜರಡಿ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

"ಸಾರ್, ಆ ನಲವತ್ತು ಇಲ್ಲೇ ಇರಲಿ. ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿದೆ, ತೊಳೆದು ಮುಗಿಸ್ತೀನಿ. ತಪ್ಪು ನಂದು ಅಂತಲೇ ಬರ್ಕೊಳ್ಳಿ."

ಮೇಲ್ವಿಚಾರಕರು ಪಟ್ಟಿಯ ಹಾಳೆ ತಿರುವುತ್ತಾರೆ. ಚೀಲ ಹೊತ್ತವನು ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡುತ್ತಾ ನಿಂತಿದ್ದಾನೆ.