ಒನೇದಾ ಕಟ್ಟಿದ ಕೆಂಪು, ನೀಲಿ ಬಲೆಗಳು

ಇಪ್ಪತ್ತು ವರ್ಷ ಬಟ್ಟೆ ಹೊಲಿದು ಕಣ್ಣು ಸೋತ ಮೇಲೆ ಒನೇದಾ, ಬೆಟ್ಟಗಳ ನಡುವಿನ ಕೊನ್ಸ್ತಾನ್ಸಾ ಕಣಿವೆಯಲ್ಲಿ ತನ್ನ ಪಾಲಿಗೆ ಬಂದ ತುಂಡು ಹೊಲಕ್ಕೆ ಇಳಿದಳು. ಹಾಕಿದ್ದು ಕೆಂಪು ಲೆಟ್ಯೂಸ್. ಹೊಲಿಗೆ ಬಿಟ್ಟರೂ ಅಳತೆಯ ಟೇಪು ಮಾತ್ರ ಅವಳ ಕುತ್ತಿಗೆಯಲ್ಲೇ ಉಳಿಯಿತು.

ಆ ವರ್ಷ ಮಾರ್ಚ್ ತಿಂಗಳ ಗಾಳಿಗೆ ಮಡಿಗಳ ಮೇಲಿನ ನೆರಳು ಬಲೆ ಚಿಂದಿಯಾಯಿತು. ಅಂಗಡಿಯಲ್ಲಿ ಕಪ್ಪು ಬಲೆ ಮುಗಿದಿತ್ತು. ಹೂವಿನ ತೋಟದವರು ಬೇಡವೆಂದು ಬಿಟ್ಟುಹೋದ ಕೆಂಪು, ನೀಲಿ ತುಂಡುಗಳಷ್ಟೇ ಇದ್ದವು. ಅವಳು ಅವನ್ನೇ ತಂದು ಹೊಲಿದು, ಅರ್ಧ ಹೊಲಕ್ಕೆ ಕೆಂಪು, ಇನ್ನರ್ಧಕ್ಕೆ ನೀಲಿ ಕಟ್ಟಿದಳು.

ಪಕ್ಕದ ಹೊಲದ ಲಿಬೋರಿಯೊ ಅವಳ ಮಗಳ ಧರ್ಮತಂದೆ. ಆ ನಂಟಿನಿಂದ ಅವನು ಅವಳನ್ನು ಕೊಮಾದ್ರೆ, ಅವಳು ಅವನನ್ನು ಕೊಂಪಾದ್ರೆ ಎಂದು ಕರೆಯುತ್ತಿದ್ದರು. ಅವನು ಬೇಲಿಗೆ ಒರಗಿ ನಕ್ಕ. "ಏನ್ ಕೊಮಾದ್ರೆ, ಕಾರ್ನಿವಲ್ ಮುಗ್ದು ವಾರ ಆಯ್ತಲ್ಲ! ಈಗ ಸೊಪ್ಪಿಗೆ ವೇಷ ಹಾಕ್ತಿದ್ದೀರಾ?"

"ಹೂಂ ಕೊಂಪಾದ್ರೆ, ನೀವೂ ಬಂದು ಡೋಲು ಬಾರ್ಸಿ."

ಮೂರು ವಾರ ಕಳೆಯಿತು. ಒಂದೇ ಬೀಜ, ಒಂದೇ ನೀರು, ಒಂದೇ ಗೊಬ್ಬರ. ಆದರೂ ಕೆಂಪು ಬಲೆಯಡಿಯ ಎಲೆಗಳು ಗೇಣು ಮೀರಿ ಹರಡಿಕೊಂಡಿದ್ದವು. ನೀಲಿಯಡಿಯವು ಗಿಡ್ಡ, ಆದರೆ ದಪ್ಪ. ಅಂಚಿನ ಕೆಂಪು ಕಪ್ಪಿಗೆ ತಿರುಗುವಷ್ಟು ಗಾಢ. ಒನೇದಾ ಟೇಪು ಹಿಡಿದು ಒಂದೊಂದು ಮಡಿಯಲ್ಲಿ ಹತ್ತು ಹತ್ತು ಗಿಡ ಅಳೆದಳು. ಆರು ಸೆಂಟಿಮೀಟರ್ ವ್ಯತ್ಯಾಸ!

ಕರಾವಳಿಯ ಹೋಟೆಲುಗಳಿಗೆ ತರಕಾರಿ ಕೊಳ್ಳುವ ಯಾನೀರಾ ಬಂದಳು. ಕೆಂಪು ಬಲೆಯಡಿಯ ದೊಡ್ಡ ಎಲೆಯೊಂದನ್ನು ಎತ್ತಿ ಹಿಡಿದು ಮೂತಿ ತಿರುಗಿಸಿದಳು. "ಗಾತ್ರ ಏನೋ ಚೆನ್ನಾಗಿದೆ ದೋನ್ಯಾ ಒನೇದಾ. ಆದ್ರೆ ಕೆಂಪು ಲೆಟ್ಯೂಸ್ ಅಂತೀರಿ, ಕೆಂಪೆಲ್ಲಿ? ನನಗೆ ಇದು ಬೇಡ."

"ಹತ್ತು ದಿನ ಬಿಟ್ಟು ಬಾಮ್ಮ," ಎಂದಳು ಒನೇದಾ. ದನಿಯಲ್ಲಿ ಅಳುಕಿರಲಿಲ್ಲ, ಮಾಡಬೇಕಾದದ್ದು ಅವಳಿಗೆ ಆಗಲೇ ಹೊಳೆದಿತ್ತು.

ಹೋಟೆಲಿನವರಿಗೆ ಗಾತ್ರ ಸಾಲದ ನೀಲಿಯಡಿಯ ಗಿಡ್ಡ ಗಿಡಗಳನ್ನು ಅಂದೇ ಕೊಯ್ದು ಊರ ಮಾರುಕಟ್ಟೆಗೆ ಕಳಿಸಿದಳು. ಮರುದಿನ ಬೆಳಿಗ್ಗೆ ಕೆಂಪು ಬಲೆ ಬಿಚ್ಚಿ, ಅದರ ಜಾಗಕ್ಕೆ ನೀಲಿಯದನ್ನು ಎಳೆಯತೊಡಗಿದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಲಿಬೋರಿಯೊ ಗೊಣಗುತ್ತಲೇ ಬೇಲಿ ದಾಟಿ ಬಂದು ಇನ್ನೊಂದು ತುದಿ ಹಿಡಿದ.

"ಕಟ್ಟೋದು, ಬಿಚ್ಚೋದು, ಮತ್ತೆ ಕಟ್ಟೋದು. ಏನ್ರೀ ಇದು?"

"ಮೈ ತುಂಬ್ಸೋದು ಕೆಂಪು, ಬಣ್ಣ ಏರ್ಸೋದು ನೀಲಿ. ಎರಡೂ ಬೇಕು, ಒಂದಾದ್ಮೇಲೆ ಒಂದು. ಎಳೀರಿ!"

ಐದನೆಯ ದಿನ ಅಂಚುಗಳಿಗೆ ಬಣ್ಣ ಹತ್ತಿತು. ಹತ್ತನೆಯ ದಿನ ಎಲೆಯ ಅರ್ಧದವರೆಗೂ ಇಳಿಯಿತು. ಯಾನೀರಾ ಬಂದು ಒಂದು ಎಲೆ ಮುರಿದಾಗ ಟಕ್ಕೆಂದು ಸದ್ದಾಯಿತು. ಅವಳು ಅಲ್ಲೇ ನಿಂತು ಅದನ್ನು ಪೂರ್ತಿ ತಿಂದಳು. ಆಮೇಲೆ, "ವಾರವಾರ ಇಂಥದ್ದೇ ಕೊಡ್ತೀರಾ?" ಎಂದಳು.

"ಕೊಡ್ತೀನಿ."

ಅಂದು ಮಧ್ಯಾಹ್ನ ಲಿಬೋರಿಯೊ ಟೊಪ್ಪಿ ಕೈಯಲ್ಲಿ ಹಿಡಿದು ಬಂದ. "ಕೊಮಾದ್ರೆ, ನನ್ನ ಪಾಲಕ್‌ಗೆ ಯಾವ ಬಣ್ಣ?"

"ಪಾಲಕ್ ವಿಷಯ ನನಗೂ ಗೊತ್ತಿಲ್ಲ. ಅರ್ಧರ್ಧ ಕಟ್ಟಿ ನೋಡೋಣ, ನಡೀರಿ."

ಬಿಸಿಲು ಇಳಿಯುವುದರೊಳಗೆ ಅವರಿಬ್ಬರೂ ಅವನ ಹೊಲದ ನಾಲ್ಕು ಮೂಲೆಗೂ ಗೂಟ ಹೊಡೆದಿದ್ದರು.