ಅಂಚೆ ಉಚಿತ, ಕವರು ಎರಡು

ಮರ್ಫಿ ಟೌನಿನ ಯಮುನಾ ಮದುವೆ ಬ್ರೋಕರ್ ಎಂದು ಈ ಬರಹಗಾರ ಬಹಳ ದಿನ ನಂಬಿದ್ದ. ತಪ್ಪು ಪೂರ್ತಿ ಅವನದಲ್ಲ. ಯಾವಾಗ ನೋಡಿದರೂ ಆಕೆ ಕಿಟಕಿ ಪಕ್ಕದ ಮೇಜಿನ ಮೇಲೆ ಗಂಡಸರ, ಹೆಂಗಸರ ಫೋಟೋಗಳನ್ನು ಹರಡಿಕೊಂಡು, ಒಂದನ್ನೆತ್ತಿ ಇನ್ನೊಂದರ ಪಕ್ಕದಲ್ಲಿಟ್ಟು, ತಲೆಯಾಡಿಸಿ, ಮತ್ತೆ ಬೇರೆ ಮಾಡುತ್ತಿದ್ದಳು. ಬೆಳಿಗ್ಗೆಯಾದರೆ ಕವರುಗಳ ಕಟ್ಟು ಹಿಡಿದು ಹಲಸೂರಿನ ಅಂಚೆ ಕಚೇರಿಗೆ ಹೊರಡುತ್ತಿದ್ದಳು. ಇಷ್ಟು ಸಾಕ್ಷಿ ಸಾಲದೆ? ತನ್ನ ಲೋಕಜ್ಞಾನದ ಬಗ್ಗೆ ಅಪಾರ ಗೌರವವಿದ್ದ ಈ ಮಹಾಶಯ ಒಂದು ದಿನ ಸೋದರಳಿಯನ ಫೋಟೋವನ್ನು ಜಾತಕದ ಸಮೇತ ಒಯ್ದು ಅವಳ ಮುಂದಿಟ್ಟ. ಯಮುನಾ ಅದನ್ನು ಬೆಳಕಿಗೆ ಹಿಡಿದಳು. ಮುಖ ನೋಡಲಿಲ್ಲ. ಹುಡುಗನ ಹಿಂದಿದ್ದ ಪರದೆಯನ್ನು ನೋಡಿದಳು.

“ಇವ್ರು ಹೋಗಿ ಎಷ್ಟು ವರ್ಷ ಆಯ್ತು ಸಾರ್?” ಎಂದಳು.

ಸೋದರಳಿಯ ಆ ಹೊತ್ತಿಗೆ ಇಂದಿರಾನಗರದ ಹೋಟೆಲೊಂದರಲ್ಲಿ ಎರಡನೇ ಪ್ಲೇಟ್ ಪೂರಿ ತಿನ್ನುತ್ತಿದ್ದ.

ಯಮುನಾಳ ಮಾವ ಆದಿನಾರಾಯಣ ಹಲಸೂರಿನ ಬಜಾರ್ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಅವರು ತೀರಿಕೊಂಡ ಮೇಲೆ ಮಗ ಸುನೀಲ್ ಒಂದಷ್ಟು ಕಾಲ ಅದನ್ನು ನಡೆಸಿದ. ಕಂಡಕಂಡವರ ಕೈಗೆಲ್ಲ ಡಿಜಿಟಲ್ ಕ್ಯಾಮೆರಾ ಬರುತ್ತಲೇ ಶಟರ್ ಎಳೆದು, ಕ್ಯಾಂಟೀನ್ ಕಾಂಟ್ರಾಕ್ಟರೊಬ್ಬರ ಹತ್ತಿರ ಕೆಲಸಕ್ಕೆ ಸೇರಿಕೊಂಡ. ಸ್ಟುಡಿಯೋದಿಂದ ಮನೆಗೆ ಬಂದದ್ದು ಎರಡು ಟ್ರಂಕು. ಅಡ್ವಾನ್ಸ್ ಕೊಟ್ಟು ಫೋಟೋ ತೆಗೆಸಿಕೊಂಡು, ತಿರುಗಿ ಬಂದು ಒಯ್ಯದೇ ಹೋದವರ ಮುಖಗಳೆಲ್ಲ ಅವುಗಳಲ್ಲಿದ್ದವು. ಶಿವಾಜಿನಗರದ ಗುಜರಿಗೆ ಹಾಕೋಣವೆಂದು ಸುನೀಲ್ ಹೇಳಿದ. ಹೊಸ ತಿಪ್ಪಸಂದ್ರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಅನೀಸ್ ಬೇಡವೆಂದ.

“ಗುಜರಿಗೆ ಯಾಕಕ್ಕಾ? ನೆಟ್‌ನಲ್ಲಿ ಹಾಕಿ. ಹಳೇ ಫೋಟೋಗೆ ಹುಚ್ಚರಿದ್ದಾರೆ. ‘ಅಂಚೆ ಉಚಿತ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಖರ್ಚನ್ನ ಬೆಲೆ ಒಳಗೆ ಸೇರಿಸ್ಬಿಡಿ.”

“ಜನಕ್ಕೆ ಗೊತ್ತಾಗಲ್ವೇನೋ?”

“ಗೊತ್ತಾಗುತ್ತೆ. ಆದ್ರೂ ಖುಷಿ ಪಡ್ತಾರೆ.”

ಒಂದು ಫೋಟೋ ಕೊಂಡವರು ನಿಜಕ್ಕೂ ಖುಷಿಪಟ್ಟರು. ತಕರಾರು ಬಂದದ್ದು ಮೂರು ಕೊಂಡವರಿಂದ. ಮೈಸೂರಿನ ಚಲುವಯ್ಯ ಎಂಬುವರು ಪ್ರತಿ ಸಂದೇಶದ ಕೆಳಗೂ ‘ಹಿರಿಯ ಸಂಗ್ರಾಹಕರು’ ಎಂದು ಸಹಿ ಹಾಕುವವರು. ಅವರು ಬರೆದರು: “ತಾವು ಮೂರು ಚಿತ್ರಗಳ ಬೆಲೆಯೊಳಗೂ ಅಂಚೆ ವೆಚ್ಚವನ್ನು ಅಡಗಿಸಿರುತ್ತೀರಿ. ಮೂರೂ ಒಂದೇ ಲಕೋಟೆಯಲ್ಲಿ ಬರತಕ್ಕದ್ದಾಗಿರುವುದರಿಂದ ಎರಡು ಉಚಿತ ಅಂಚೆಯ ಹಣವನ್ನು ಹಿಂದಿರುಗಿಸತಕ್ಕದ್ದು.” ಉಚಿತವಾದದ್ದನ್ನು ಹಿಂದಿರುಗಿಸುವುದು ಹೇಗೆಂದು ಯಮುನಾ ಒಂದು ಮಧ್ಯಾಹ್ನವೆಲ್ಲ ಯೋಚಿಸಿದಳು. ಮುದುಕರ ಭಾಷೆ ತಲೆಚಿಟ್ಟು ಹಿಡಿಸುವಂತಿದ್ದರೂ ಮಾತು ಸರಿಯಾಗಿತ್ತು. ಅಂದಿನಿಂದ ಒಂದಕ್ಕಿಂತ ಹೆಚ್ಚು ಕೊಂಡರೆ ಎಲ್ಲ ಒಂದೇ ಕವರಿಗೆ, ಉಳಿದ ಅಂಚೆ ಖರ್ಚು ಬೆಲೆಯಲ್ಲಿ ಕಡಿತ ಎಂದು ನಿಯಮ ಮಾಡಿದಳು. ತೂಕ ಇಳಿಸಲು, ಫೋಟೋಗಳನ್ನು ಮಾವ ಹಾಕಿಟ್ಟಿದ್ದ ಹಳೆಯ ಕವರುಗಳನ್ನು ಕಿತ್ತು ಒಲೆಗೆ ಹಾಕಿದಳು. ಹೆಚ್ಚಿನವು ಕಂದು ಕವರು, ಕೆಲವು ಕಪ್ಪು. ಮಾವ ಜಿಪುಣರು, ಸಿಕ್ಕಿದ ಕಾಗದದಲ್ಲಿ ಮಾಡಿರಬೇಕು ಎಂದುಕೊಂಡಿದ್ದಳು.

ವ್ಯಾಪಾರ ಕುದುರಿದ ಮೇಲೆ ಒಂದು ದಿನ ಅತ್ತೆ ಚಿಕ್ಕಮುನಿಯಮ್ಮ ಟ್ರಂಕಿನೊಳಗೆ ಬಗ್ಗಿ ನೋಡಿದರು.

“ಕರೀ ಕವರ್ ಎಲ್ಲೇ?”

“ಸುಟ್ಟಾಕ್ದೆ ಅತ್ತೆ. ತೂಕ ಬರುತ್ತೆ.”

“ಅದ್ರಲ್ಲಿದ್ದೋರು?”

“ಎಲ್ರ ಜೊತೆ ಸೇರ್ಸಿ ಕಳಿಸ್ತಿದೀನಿ.”

ಮುದುಕಿ ಟ್ರಂಕಿನ ಅಂಚು ಹಿಡಿದು ಕೂತುಬಿಟ್ಟರು. “ಕರೀ ಕವರ್ನೋರು ಫೋಟೋ ತೆಗೆಯೋವಾಗ್ಲೇ ಹೋಗಿದ್ರು ಕಣೇ.”

ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳದೆ ಸತ್ತವರ ಮನೆಗಳಿಂದ ಆದಿನಾರಾಯಣರಿಗೆ ಕರೆ ಬರುತ್ತಿತ್ತು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ಪರದೆ ಬಿಟ್ಟು ಫೋಟೋ ತೆಗೆಯುವರು. ಆಮೇಲೆ ಸ್ಟುಡಿಯೋದಲ್ಲಿ ಸಣ್ಣ ಕುಂಚ ಹಿಡಿದು ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುವರು. ಅವರು ಬರೆದ ಕಣ್ಣು ದೇವರು ಕೊಟ್ಟದ್ದಕ್ಕಿಂತ ಹೊಳೆಯುತ್ತದೆ ಎಂದು ಬಜಾರ್ ಬೀದಿಯಲ್ಲಿ ಹೆಸರಿತ್ತು. ಅಂಥ ಫೋಟೋ ಕಪ್ಪು ಕವರಿಗೆ ಹೋಗಬೇಕು. ಬದುಕಿರುವವರ ಫೋಟೋ ಜೊತೆ ಸೇರಕೂಡದು.

“ಸೇರಿದ್ರೆ ಏನಾಗುತ್ತೆ?”

“ಹೋದೋರಿಗೆ ಜೊತೆ ಸಿಕ್ಕಿದ್ರೆ ಬಿಡ್ತಾರಾ? ಕರ್ಕೊಂಡು ಹೋಗ್ತಾರೆ.”

“ಅಲ್ಲತ್ತೆ, ಹೆಣದ ಕತ್ತು ನಿಲ್ಲೋದು ಹೆಂಗೆ?”

“ನಾನೇ ಹಿಡ್ಕೋತಿದ್ದೆ. ಪರದೆ ಹಿಂದೆ ಕೂತ್ಕೊಂಡು.”

ಯಮುನಾ ಉಳಿದ ಫೋಟೋಗಳನ್ನು ತೆಗೆದು ನೋಡಿದಳು. ಕೆಲವರ ಭುಜದ ಹಿಂದೆ ಪರದೆ ಒಂದಿಷ್ಟು ಉಬ್ಬಿತ್ತು. ಅದು ಅತ್ತೆ. ಹಲಸೂರು ಕೆರೆ ದಾಟಿದರೆ ಕಾಲುನೋವೆನ್ನುವ ಹೆಂಗಸು ಹೀಗೆ ಪರದೆಯೊಳಗೆ ಮುದುಡಿಕೊಂಡು, ಮೈಸೂರು, ಪುಣೆ, ಕಲ್ಕತ್ತಗಳನ್ನೆಲ್ಲ ಉಚಿತ ಅಂಚೆಯಲ್ಲಿ ಸುತ್ತಿಬಂದಿದ್ದರು. ಯಮುನಾಳಿಗೆ ನಗು ಬಂತು. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಧ್ಯಾಹ್ನ ಬೀದಿ ಸದ್ದಡಗಿದಾಗ, ಮನೆಯ ಬಾಗಿಲ ಪರದೆ ಗಾಳಿಗೆ ಉಬ್ಬಿದರೆ, ಅತ್ತೆ ಅಡುಗೆಮನೆಯಲ್ಲಿದ್ದಾರೆಂದು ಖಚಿತ ಮಾಡಿಕೊಳ್ಳುವವರೆಗೂ ಅವಳು ಕೂತಲ್ಲಿಂದ ಏಳುತ್ತಿರಲಿಲ್ಲ. ಮೇಜಿನ ಮೇಲಿನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅವುಗಳಲ್ಲಿ ಹುಟ್ಟಿದ ಕಣ್ಣು ಯಾವುದು, ಬರೆದ ಕಣ್ಣು ಯಾವುದು ತಿಳಿಯುತ್ತಿರಲಿಲ್ಲ. ಇದರ ಮೇಲೆ, ಬೆರೆತ ಕವರು ತಲುಪಿದ ನಂತರ ಚಲುವಯ್ಯನವರಿಂದ ಒಂದು ಸಂದೇಶವೂ ಬಂದಿರಲಿಲ್ಲ. ಅಷ್ಟೊಂದು ‘ತಕ್ಕದ್ದು’ ಬರೆಯುವ ಮನುಷ್ಯ.

ಅಂದಿನಿಂದ ಪರದೆ ನೋಡಿ ಫೋಟೋಗಳನ್ನು ಬೇರೆ ಮಾಡತೊಡಗಿದಳು. ಒಬ್ಬನೇ ಗಿರಾಕಿ ಎರಡು ಬಗೆಯದನ್ನೂ ಕೊಂಡರೆ ಎರಡು ಕವರು, ಖರ್ಚು ತನ್ನದು.

ಅನೀಸ್ ತಲೆ ಚಚ್ಚಿಕೊಂಡ. “ಅಕ್ಕಾ, ಊರೆಲ್ಲಾ ಸೇರಿಸಿ ಕಳಿಸಿ ಉಳಿಸ್ತಾರೆ. ನೀವು ಬೇರೆ ಮಾಡಿ ಕಳೀತೀರಾ.”

“ನೀನು ಪರದೆ ಹಿಂದೆ ಯಾರಿದ್ದಾರೆ ನೋಡಿಲ್ಲ, ಸುಮ್ನಿರು.”

ಹಾಗಿರುವಾಗ ದುರ್ಗೇಶನ ಸಂದೇಶ ಬಂತು. ಅವನು ಲಿಂಗಸುಗೂರು ಕಡೆಯ ಹುಡುಗ. ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಅವನು ಎರಡು ಫೋಟೋ ಕೊಂಡಿದ್ದ. ಒಂದರಲ್ಲಿ ಗಾರೆ ಕೆಲಸದ ಗಂಡ ಹೆಂಡತಿ ಸ್ಟುಡಿಯೋದಲ್ಲಿ ಸೆಟೆದು ನಿಂತಿದ್ದಾರೆ. ಇನ್ನೊಂದರಲ್ಲಿ ಅದೇ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಎಳೆಗೂಸು, ಕೂಸಿನ ಹೊಟ್ಟೆಯ ಮೇಲೆ ಒಂದು ಕೈ. “ಗಂಡಸು ನಮ್ಮಪ್ಪ ಮಾನಪ್ಪ, ಆಗ ಬೆಂಗಳೂರಾಗ ಗಾರೆ ಕೆಲಸಕ್ಕ ಬಂದಿದ್ದ,” ಎಂದು ಬರೆದಿದ್ದ. “ಆಕಿ ನಮ್ಮವ್ವ ಸುಭದ್ರಮ್ಮ ಇರಬೇಕು. ನಾ ಹುಟ್ಟಿದ ಕೂಡ್ಲೇ ಬಾಣಂತಿ ಸನ್ನಿ ಆಗಿ ತೀರಿಕೊಂಡ್ಳು, ನನ್ನ ಎತ್ಕೊಳ್ಳಲೇ ಇಲ್ಲ ಅಂತ ಸೋದರತ್ತಿ ಹೇಳ್ತಿದ್ಳು. ಎತ್ಕೊಂಡಾಳ ನೋಡ್ರಿ. ಎರಡೂ ಒಂದ ಕವರ್‌ನಾಗ ಕಳಸ್ರಿ.”

ಯಮುನಾ ಎರಡನೇ ಫೋಟೋ ಕೈಗೆತ್ತಿಕೊಂಡಳು. ಸುಭದ್ರಮ್ಮನ ಭುಜದ ಹಿಂದೆ ಪರದೆ ಉಬ್ಬಿತ್ತು. ಕೂಸಿನ ಹೊಟ್ಟೆಯ ಮೇಲಿದ್ದ ಕೈಗೆ ಮಣಿಕಟ್ಟಿನಲ್ಲಿ ಚೇಳಿನ ಹಚ್ಚೆಯಿತ್ತು. ಆ ಚೇಳು ದಿನಾ ಬೆಳಿಗ್ಗೆ ಅವಳ ಕಣ್ಣೆದುರೇ ಸೊಪ್ಪು ಬಿಡಿಸುತ್ತಿತ್ತು.

ಏನು ಬರೆಯುವುದು? “ಎರಡು ಕವರಲ್ಲೇ ಕಳಿಸುತ್ತೇನೆ, ಅಂಚೆ ಉಚಿತ” ಎಂದಷ್ಟೇ ಬರೆದಳು. ಹುಡುಗ ಬೇಡವೆಂದ. ಅವಳು ಆಗುವುದಿಲ್ಲವೆಂದಳು. ಹುಡುಗ, ಇದರಲ್ಲಿ ಏನೋ ಮೋಸವಿದೆ, ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತೇನೆ ಎಂದ. ಭಾನುವಾರ ಸಂಜೆ ಜಗಳವಾಡಲು ಅವನೇ ಮರ್ಫಿ ಟೌನಿಗೆ ಬಂದ. ದೊಡ್ಡವರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣನ್ನೂ ತಂದಿದ್ದ.

“ಎರಡು ಕವರ್ ಯಾಕ್ರೀ ಅಕ್ಕಾರ?”

“ಖರ್ಚು ನಂದಲ್ವೇನಪ್ಪ? ನಿನಗೇನು ನಷ್ಟ?”

“ಖರ್ಚಿನ ಮಾತಲ್ರೀ.” ಹುಡುಗ ಹಣ್ಣಿನ ಚೀಲವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದ. “ಅಪ್ಪನೂ ಹ್ವಾದ. ಅಪ್ಪ, ಅವ್ವ, ನಾನು ಒಂದ್ಕಡೆ ಇದ್ದದ್ದೇ ಇಲ್ಲ. ಒಂದು ಕವರ್‌ನಾಗಾದ್ರೂ ಇರ್ಲಿ ಅಂದೆ.”

ಯಮುನಾ ಅತ್ತೆಯ ಕಡೆ ನೋಡಿದಳು. ಚಿಕ್ಕಮುನಿಯಮ್ಮ ಸೊಪ್ಪಿನ ಮೊರ ಬದಿಗಿಟ್ಟು, ಫೋಟೋ ಇಸಿದುಕೊಂಡು, ಕೂಸಿನ ಹೊಟ್ಟೆಯ ಮೇಲಿನ ಕೈಯ ಪಕ್ಕಕ್ಕೆ ತಮ್ಮ ಕೈಯನ್ನು ಚಾಚಿದರು. ಎರಡು ಚೇಳು ಅಕ್ಕಪಕ್ಕ ಬಂದವು. ಒಂದರ ಚರ್ಮ ಸುಕ್ಕಾಗಿತ್ತು, ಅಷ್ಟೇ ವ್ಯತ್ಯಾಸ.

ದುರ್ಗೇಶ ಬಹಳ ಹೊತ್ತು ನೋಡಿದ. “ಹಂಗಾದ್ರ ಇದು ಅವ್ವನ ಕೈಯಲ್ಲ.”

“ಅಲ್ಲ ಕಂದ. ಅವಳು ಆಗ್ಲೇ ಹೋಗಿದ್ಲು.”

“ನಾ ಸತ್ತ ಮಡಿಲಾಗ ಇದ್ದೆ.”

ಬಾಗಿಲ ಪರದೆ ಒಮ್ಮೆ ಉಬ್ಬಿ ಇಳಿಯಿತು. ಮೂವರೂ ಅತ್ತ ನೋಡಿದರು.

“ನಾವೆಲ್ಲ ಬೇಡ ಅಂದ್ವಿ,” ಎಂದರು ಮುದುಕಿ. “ನಿಮ್ಮಪ್ಪ ಕಾಲು ಹಿಡ್ಕೊಂಡ. ಒಂದ್ಸಲ ಮಡಿಲಲ್ಲಿಡಿ, ಸಾಕು ಅಂದ. ನೀನು ಅಷ್ಟೊತ್ತೂ ಉಸಿರುಕಟ್ಟಿ ಅಳ್ತಿದ್ದೆ, ಯಾರ ಕೈಲೂ ನಿಲ್ಲಲಿಲ್ಲ. ಅವಳ ಮಡಿಲಿಗೆ ಹಾಕಿದ್ವಿ. ಅಳು ನಿಂತೋಯ್ತು. ನಾನು ಪರದೆ ಹಿಂದಿಂದ ಕೈ ಚಾಚಿ, ಬೀಳದಂಗೆ ಹಿಡ್ಕೊಂಡಿದ್ದೆ ಅಷ್ಟೇ.”

ದುರ್ಗೇಶ ಮುದುಕಿಯ ಕೈ ನೋಡಿದ, ಫೋಟೋ ನೋಡಿದ, ಕೊನೆಗೆ ಯಮುನಾಳ ಕಡೆ ತಿರುಗಿದ. ಇಪ್ಪತ್ತು ದಾಟಿದ ಆಳು ಮೂರು ವರ್ಷದ ಮಗುವಿನ ಹಾಗೆ ಕೇಳಿದ:

“ನಾ ಮಡಿಲಾಗ ಅದೀನಿ ಅಂತ ಅವ್ವಗ ಗೊತ್ತಾಗಿರ್ತದೇನ್ರೀ ಅಕ್ಕಾರ?”

“ಸತ್ತೋಳಿಗೆ ಏನು ಗೊತ್ತಾಗುತ್ತಪ್ಪ? ನಿನಗೆ ಗೊತ್ತಾಯ್ತು, ಅಳು ನಿಲ್ಲಿಸ್ದೆ. ಈಗ ಹೇಳು, ಒಂದು ಕವರಾ, ಎರಡಾ?”